ಬಿಲೇಶಯಪದವೂ ಸಾಕುಹಾವಿನ ಅಡಗುದಾಣವೂ

ಅಮರಕೋಶದ ಪಾತಾಳಭೋಗಿವರ್ಗದಲ್ಲಿ ಹಾವಿಗೆ ಹೇಳಿರುವ ಹೆಸರುಗಳಲ್ಲಿ ಹೆಚ್ಚಿನವು ಅದರ ಗತಿಯನ್ನೋ ಆಕಾರವನ್ನೋ ವಿಷವನ್ನೋ ಹಿಡಿದು ಹುಟ್ಟಿದವು. ಉರಗ, ಜಿಹ್ಮಗ, ದೀರ್ಘಪೃಷ್ಠ, ಆಶೀವಿಷ ಮೊದಲಾದುವು ಇಂತಹವು. ಬಿಲೇಶಯವೆಂಬುದಾದರೋ ಹಾವು ಎಲ್ಲಿ ಮಲಗುವುದೆಂಬುದನ್ನು ಹೇಳುತ್ತದೆ. ಶಯಶಬ್ದವು ಪರವಾದಾಗ ಸಪ್ತಮಿಯು ಲೋಪವಾಗದೆ ಉಳಿದ ಅಲುಕ್ಸಮಾಸವಿದು. ವ್ಯಾಕರಣದ ಉದಾಹರಣೆಯಾಗಿ ಕಲಿತು ಮರೆತುಬಿಡುವ ಈ ಪದದಲ್ಲಿ, ಹಾವನ್ನು ಪೆಟ್ಟಿಗೆಯಲ್ಲಿಟ್ಟು ಸಾಕುವವರು ಎಲ್ಲಕ್ಕೂ ಮೊದಲು ಅರಿಯತಕ್ಕ ಸಂಗತಿಯೊಂದಿದೆ.

ಭಾರತದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನವು ನಾಡಿನ ಹಾವುಗಳನ್ನು ಹಿಡಿದು ಸಾಕಗೊಡುವುದಿಲ್ಲ. ಯೂರೋಪು ಅಮೆರಿಕಗಳಲ್ಲಾದರೆ ಗಾಜಿನ ಪೆಟ್ಟಿಗೆಯಲ್ಲಿ ಹಾವನ್ನು ಸಾಕುವುದು ಅನೇಕರ ಹವ್ಯಾಸವಾಗಿದೆ. ಅಲ್ಲಿ ಬಹಳವಾಗಿ ಕಾಣುವುದು ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಒಂದು ಚಿಕ್ಕ ಹೆಬ್ಬಾವು. ಬೆಳೆದರೂ ಸಾಮಾನ್ಯವಾಗಿ ಮೂರರಿಂದ ಐದು ಅಡಿ ಉದ್ದ, ವಿಷವಿಲ್ಲ. ೧೮೦೨ರಲ್ಲಿ ಷಾ ಎಂಬ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞನು ಇದಕ್ಕೆ 'ರಾಜಯೋಗ್ಯ'ವೆಂಬರ್ಥದ ಲ್ಯಾಟಿನ್ ಹೆಸರನ್ನಿಟ್ಟನು. ಬೆನಿನ್ ದೇಶದ ವಿಡಾ ಪಟ್ಟಣದಲ್ಲಿ ಈ ಹಾವುಗಳಿಗೆ ಒಂದು ದೇವಾಲಯವೇ ಇದೆ. ಇದರ ಗುದದ್ವಾರದ ಇಕ್ಕೆಲಗಳಲ್ಲಿ ಹಿಂಗಾಲುಗಳ ಅವಶೇಷವಾದ ಎರಡು ಕಿರುನಖಗಳಿವೆ. ಗೂಢಪಾದ್ ಎಂಬ ಹೆಸರು ಇಲ್ಲಿ ಅಕ್ಷರಶಃ ಸಲ್ಲುವುದು ಪ್ರಾಸಂಗಿಕವಾದರೂ ರಸವತ್ತಾಗಿದೆ. ತನ್ನ ನಾಡಿನಲ್ಲಿ ಈ ಪ್ರಾಣಿಯು ಹಗಲೆಲ್ಲ ಇಲಿಯ ಜಾತಿಯ ಪ್ರಾಣಿಗಳ ಬಿಲಗಳಲ್ಲಿಯೂ ಗೆದ್ದಲಿನ ಹುತ್ತಗಳಲ್ಲಿಯೂ ಅಡಗಿದ್ದು ಇರುಳಲ್ಲಿ ಹೊರಬೀಳುವುದು. ಹುತ್ತಕ್ಕೂ ಹಾವಿಗೂ ಇರುವ ನಂಟನ್ನು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾದುದಿಲ್ಲ.

ಅಮೆರಿಕದ ವ್ಯಾಪಾರಿಗಳು ಈ ಹಾವಿಗೆ 'ಚೆಂಡುಹೆಬ್ಬಾವು' ಎಂಬರ್ಥದ ಹೆಸರನ್ನು ರೂಢಿಗೊಳಿಸಿದ್ದಾರೆ. ಭಯವಾದಾಗ ಇದು ತಲೆಯನ್ನು ನಡುವೆ ಹುದುಗಿಸಿಕೊಂಡು ಚೆಂಡಿನಂತೆ ಬಿಗಿಯಾಗಿ ಸುತ್ತಿಕೊಳ್ಳುವುದೇ ಇದಕ್ಕೆ ಕಾರಣ. ಕುಂಡಲೀ ಎಂಬ ಪದವನ್ನು ಕೇಳಿದೊಡನೆ ನಿಶ್ಚಿಂತೆಯಿಂದ ಸುತ್ತಿ ಮಲಗಿದ ಹಾವು ಮನಸ್ಸಿಗೆ ಬರುತ್ತದೆ. ಈ ಕುಂಡಲವು ಅಂತಹುದಲ್ಲ. ಓಡಿಹೋಗಿ ಹೊಗಲು ಬಿಲವಿಲ್ಲದ ಪ್ರಾಣಿಯು ತನ್ನ ಮೈಯನ್ನೇ ಬಿಲವಾಗಿ ಮಾಡಿಕೊಂಡ ಕೊನೆಯ ಉಪಾಯವದು. ಕೊಳ್ಳುವವರು ಮೆಚ್ಚಿ ಕರೆಯುವ ಹೆಸರು ಆ ಪ್ರಾಣಿಯ ಹೆದರಿಕೆಯ ಹೆಸರು.

ಮರೆಯಿಲ್ಲದ ಗಾಜಿನ ಪೆಟ್ಟಿಗೆಯಲ್ಲಿ ಹಾವಿಗೆ ಆಗುವ ಪೀಡೆಯನ್ನು ತಿಳಿಯಬೇಕಾದರೆ ಅದರ ಶರೀರವನ್ನು ತಿಳಿಯಬೇಕು. ಹಾವಿಗೆ ತೆರೆದು ಮುಚ್ಚುವ ರೆಪ್ಪೆಗಳಿಲ್ಲ. ಪಾರದರ್ಶಕವಾದ ಪೊರೆಯೊಂದು ಕಣ್ಣನ್ನು ಕವಿದಿರುತ್ತದೆ. ಕಣ್ಣು ಮುಚ್ಚಿ ಕತ್ತಲನ್ನು ತಂದುಕೊಳ್ಳಲಾರದ ಪ್ರಾಣಿಯು ಕತ್ತಲಿರುವಲ್ಲಿಗೆ ತಾನೇ ಹೋಗಬೇಕು. ಮೈಯ ಪಕ್ಕಗಳಿಗೆ ಆಸರೆ ತಗಲಿದ್ದಲ್ಲದೆ ಅದಕ್ಕೆ ನೆಮ್ಮದಿಯಿಲ್ಲ. ಇವೆರಡಕ್ಕಿಂತಲೂ ಮುಖ್ಯವಾದುದು ಶಾಖದ ವಿಚಾರ. ಹಾವು ತನ್ನ ಮೈಯ ಕಾವನ್ನು ಒಳಗಿನಿಂದ ಸಾಕಷ್ಟು ಹುಟ್ಟಿಸಿಕೊಳ್ಳಲಾರದು. ತಿಂದುದು ಜೀರ್ಣವಾಗಲು ಬೆಚ್ಚನೆಯ ಎಡೆಗೂ, ಕಾವು ಮಿಕ್ಕಾಗ ತಂಪಿನ ಎಡೆಗೂ ಹರಿದಾಡಬೇಕು. ಆದುದರಿಂದಲೇ ಪೆಟ್ಟಿಗೆಯ ಒಂದು ಕೊನೆಯನ್ನು ಸುಮಾರು ೩೧ರಿಂದ ೩೩ ಸೆಂಟಿಗ್ರೇಡ್ ಡಿಗ್ರಿಗೂ ಇನ್ನೊಂದನ್ನು ೨೫ರಿಂದ ೨೭ ಡಿಗ್ರಿಗೂ ಇಡುವರು. ಇಷ್ಟು ಮಾಡಿ ಅಡಗುದಾಣವನ್ನು ಒಂದೇ ಕಡೆ ಇಟ್ಟರೆ ಏನಾಗುವುದು? ಅದು ತಂಪಿನ ಕಡೆಯಿದ್ದರೆ ಹಾವು ಕಾವನ್ನು ಬಿಟ್ಟು ಮರೆಯಲ್ಲೇ ಉಳಿದೀತು, ಆಹಾರವು ಪಚನವಾಗದು. ಬಿಸಿಯ ಕಡೆಯಿದ್ದರೆ ತಾಪವನ್ನು ಸಹಿಸಿಯಾದರೂ ಅಲ್ಲಿಯೇ ಬಿದ್ದಿದ್ದೀತು. ಹೀಗೆ ಕಾವು, ಮರೆ ಎರಡರಲ್ಲಿ ಒಂದನ್ನು ಬಿಡಬೇಕಾದ ಸಂಕಟಕ್ಕೆ ಹಾವನ್ನು ಸಿಕ್ಕಿಸಬಾರದು. ಎರಡು ಕೊನೆಗಳಲ್ಲಿಯೂ ಒಂದೊಂದು ಅಡಗುದಾಣವಿರತಕ್ಕದ್ದು, ಎರಡೂ ಒಂದೇ ಬಗೆಯವಾಗಿದ್ದರೆ ಒಳ್ಳೆಯದು, ನಡುವಣ ಬಯಲಿನಲ್ಲಿ ಎಲೆ ಕೊಂಬೆಗಳ ಮರೆಯೂ ಇರಬೇಕು. ಈ ಹೆಬ್ಬಾವು ಹೆದರಿ ತಿಂಗಳುಗಟ್ಟಲೆ ಉಪವಾಸವಿರುವುದುಂಟು. ರೋಗವೆಂದು ಗಾಬರಿಯಾಗುವ ಮೊದಲು ಅಡಗುದಾಣವು ಸರಿಯಾಗಿದೆಯೇ ಎಂದು ನೋಡುವುದು ಯುಕ್ತ.

ವಿಶಾಲವಾದ ಮನೆಯನ್ನು ಕೊಟ್ಟರೆ ಉಪಕಾರವೆಂದು ತಿಳಿಯುವುದು ಮನುಷ್ಯನ ಅಳತೆ. ಹಾವು ಸುತ್ತಿ ಮಲಗಿದಾಗ ಗೋಡೆಗಳು ಮೈಗೆ ತಗಲುವಷ್ಟೇ ಇಕ್ಕಟ್ಟಾಗಿ, ಮಾಡು ತಗ್ಗಾಗಿ, ಬಾಗಿಲು ಒಂದೇ ಆಗಿರಬೇಕು. ಹಾವು ಬೆಳೆದಂತೆ ದೊಡ್ಡದನ್ನು ಇಡಬೇಕು. ಬಾಯಿ ಒಡೆದು ಅಂಚನ್ನು ನಯಗೊಳಿಸಿ ಬೋರಲಿಟ್ಟ ಮಣ್ಣಿನ ಕುಡಿಕೆಯೂ ಸಾಕು. ಕಲ್ಲನ್ನು ಇಡುವುದಾದರೆ ಪೆಟ್ಟಿಗೆಯ ತಳದ ಮೇಲೆಯೇ ಊರಿ ನಿಲ್ಲಿಸಬೇಕು. ಮರಳ ಮೇಲಿಟ್ಟರೆ ಹಾವು ಅಡಿಯಲ್ಲಿ ತೂರಿ ಕಲ್ಲು ಕುಸಿದು ಸತ್ತೀತು. ಪೊರೆ ಬಿಡುವ ಮುನ್ನ ಕಣ್ಣು ಮಸಕಾದಾಗ, ಒದ್ದೆಯ ಪಾಚಿಯನ್ನು ತುಂಬಿದ ಇನ್ನೊಂದು ತಾಣವನ್ನು ಕೊಡುವುದು ವಾಡಿಕೆ. ಹುತ್ತದೊಳಗಿನ ತೇವಕ್ಕೆ ಇದು ಬದಲು. ತೇವ ಸಾಲದಾದರೆ ಪೊರೆಯು ಚೂರುಚೂರಾಗಿ ಅಂಟಿಕೊಂಡು, ಕಣ್ಣಿನ ಮೇಲಣ ಪೊರೆಯು ಕಳಚದೆ ಉಳಿಯುವುದೂ ಉಂಟು.

ಅಡಗಿಯೇ ಇರುವುದಾದರೆ ಸಾಕಿ ಫಲವೇನು ಎಂದು ಕೆಲವರು ಆಕ್ಷೇಪಿಸಬಹುದು. ನೋಡುವ ಸುಖವು ನೋಡುವವನದು. ಅದಕ್ಕಾಗಿ ಹಾವಿನ ನಿದ್ದೆಯನ್ನು ಕಸಿಯುವುದು ನ್ಯಾಯವಲ್ಲ. ಅಲ್ಲದೆ ಮರಳಿ ಸೇರಲು ಎಡೆಯುಂಟೆಂದು ಬಲ್ಲ ಹಾವು ಮುಸ್ಸಂಜೆಯಲ್ಲಿ ಧೈರ್ಯವಾಗಿ ಹೊರಗೆ ಸುಳಿಯುವುದೆಂದು ಸಾಕಿ ಬಲ್ಲವರು ಹೇಳುತ್ತಾರೆ. ಹಾವಾಡಿಗನ ಬುಟ್ಟಿಯನ್ನು ಕಂಡವರಿಗೆ ಇದರ ಒಂದು ಭಾಗ ಗೊತ್ತೇ ಇದೆ. ಮುಚ್ಚಿದ ಬುಟ್ಟಿಯಲ್ಲಿ ನಾಗರಹಾವು ಸುಮ್ಮನಿರುತ್ತದೆ, ಮುಚ್ಚಳ ತೆಗೆದೊಡನೆ ಹೆಡೆಯೆತ್ತುತ್ತದೆ. ಜನರು ಆಟವೆನ್ನುವ ಆ ಹೆಡೆಯು ಮರೆ ಕಳೆದುದರ ದಿಗಿಲು. ಹಾಗೆಂದು ಬುಟ್ಟಿಯನ್ನು ಅಡಗುದಾಣವೆನ್ನಲಾಗದು. ಅಲ್ಲಿ ಹೊಗುವುದೂ ಹೊರಡುವುದೂ ಹಾವಿನ ಇಚ್ಛೆಯಲ್ಲಿಲ್ಲ.

ಶುಚಿಮಾಡುವಾಗಲೂ ಈ ಇಚ್ಛೆಯನ್ನು ಮನ್ನಿಸತಕ್ಕದ್ದು: ಎರಡು ತಾಣಗಳನ್ನೂ ಒಮ್ಮೆಗೇ ತೆಗೆಯದೆ, ಹಾವು ಇಲ್ಲದುದನ್ನು ಮೊದಲು ತೊಳೆದು ಒಣಗಿಸಿ ಅದೇ ಎಡೆಯಲ್ಲಿಟ್ಟು, ಇನ್ನೊಂದನ್ನು ಹಾವು ತಾನಾಗಿ ಬಿಟ್ಟುಬರುವವರೆಗೆ ಕಾಯಬೇಕು.