ಮಕ್ಕಳ ಕಿವಿನೋವು

ನೆಗಡಿಯಾಗಿ ಮೂಗು ಸುರಿಸಿಕೊಂಡೇ ಆಡುತ್ತಿದ್ದ ಮಗು ನಡುರಾತ್ರಿ ಕಿವಿ ಹಿಡಿದುಕೊಂಡು ಚೀರುತ್ತದೆ. ಊರಿನಲ್ಲಾದರೆ ಅಜ್ಜಿಯೋ ಅತ್ತೆಯೋ ಎದ್ದು ಬರುತ್ತಿದ್ದರು. ಮುಂಬಯಿ, ಪುಣೆಗಳ ಎರಡು ಕೋಣೆಯ ಮನೆಗಳಲ್ಲಿ ತಂದೆತಾಯಿಗಳಿಬ್ಬರೇ. ಬೆಳಗಾದೊಡನೆ ಔಷಧದ ಅಂಗಡಿಗೆ ಓಡಿ, ಕಳೆದ ಸಲ ಕೊಟ್ಟಿದ್ದ ಆಂಟಿಬಯೋಟಿಕ್ ಸೀಸೆಯನ್ನೇ ಮತ್ತೆ ತರುವುದು ನಮ್ಮಲ್ಲಿ ಅನೇಕರಿಗೆ ರೂಢಿಯಾಗಿದೆ. ಆ ರೂಢಿಯ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ಮೂಗಿನ ಹಿಂಭಾಗದಿಂದ ನಡುಗಿವಿಗೆ ಒಂದು ಸಣ್ಣ ನಾಳವುಂಟು. ಮಕ್ಕಳಲ್ಲಿ ಅದು ಗಿಡ್ಡ; ದೊಡ್ಡವರಲ್ಲಿರುವಷ್ಟು ಇಳಿಜಾರಾಗಿಯೂ ಇರದು. ನೆಗಡಿಯಿಂದ ಅದು ಬಾತುಕೊಂಡರೆ ಕಿವಿಯ ತಮಟೆಯ ಹಿಂದೆ ನೀರು ನಿಂತು, ಕೀವಾಗಿ, ತಮಟೆಯನ್ನು ಒತ್ತುತ್ತದೆ. ಇದಕ್ಕೆ ಕೆಲವೊಮ್ಮೆ ಬ್ಯಾಕ್ಟೀರಿಯಾ ಕಾರಣ, ಕೆಲವೊಮ್ಮೆ ಬರಿಯ ವೈರಸ್. ವೈರಸ್ಸಿನ ಮುಂದೆ ಆಂಟಿಬಯೋಟಿಕ್ಕಿನ ಆಟ ನಡೆಯದು. ಬ್ಯಾಕ್ಟೀರಿಯಾ ಇದ್ದಾಗಲೂ ಬಹುಪಾಲು ಮಕ್ಕಳಲ್ಲಿ ಎರಡು ಮೂರು ದಿನಗಳಲ್ಲಿ ನೋವು ತಾನಾಗಿಯೇ ಇಳಿಯುತ್ತದೆ. ಇನ್ನೂ ಒಂದು ಸಂಗತಿ ಕೇಳಿ: ಆಂಟಿಬಯೋಟಿಕ್ ಕೊಟ್ಟರೂ ಮೊದಲ ದಿನದ ನೋವು ಅದರಿಂದ ಕಡಮೆಯಾಗದು. ಆ ರಾತ್ರಿ ಮಗುವಿಗೆ ಬೇಕಾದುದು ತೂಕಕ್ಕೆ ತಕ್ಕಷ್ಟು ಪ್ಯಾರಾಸಿಟಮಾಲ್. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬೇಡ. ತಮಟೆ ತೂತಾಗಿದೆಯೋ ಇಲ್ಲವೋ ಮನೆಯಲ್ಲಿ ಯಾರು ಕಂಡರು?

ಆದುದರಿಂದ ವೈದ್ಯರು ಕಿವಿಯೊಳಗೆ ದೀಪ ಹಿಡಿದು ನೋಡಿ "ಎರಡು ದಿನ ಕಾಯೋಣ" ಎಂದರೆ, ಇವರಿಗೇನೂ ತಿಳಿಯದೆಂದು ಇನ್ನೊಬ್ಬರನ್ನು ಹುಡುಕಿಕೊಂಡು ಹೋಗಬಾರದು. ಎರಡು ವರ್ಷ ದಾಟಿದ, ಜ್ವರ ಹೆಚ್ಚಿಲ್ಲದ ಮಗುವಿಗೆ ಅದೂ ಚಿಕಿತ್ಸೆಯೇ. ಆರು ತಿಂಗಳೊಳಗಿನ ಕೂಸಾದರೆ, ಎರಡು ವರ್ಷದೊಳಗಿನ ಮಗುವಿಗೆ ಎರಡೂ ಕಿವಿಗಳಲ್ಲಿ ಸೋಂಕಿದ್ದರೆ, ಜ್ವರ 102 ಡಿಗ್ರಿ ಮೀರಿದರೆ, ಕಿವಿ ಸೋರಿದರೆ ಮಾತ್ರ ಕಾಯುವಂತಿಲ್ಲ. ಕಿವಿಯ ಹಿಂದೆ ಊತ ಕಂಡರೆ, ಕುತ್ತಿಗೆ ಸೆಟೆದರೆ, ಮಗು ಮಂಕಾದರೆ ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಔಷಧ ಬರೆದುಕೊಟ್ಟರೆ ಅದು ಸಾಮಾನ್ಯವಾಗಿ ಅಮಾಕ್ಸಿಸಿಲಿನ್. ಹಳೆಯದು, ಅಗ್ಗದ್ದು ಎಂದು ಮೂಗು ಮುರಿಯುವವರುಂಟು. ಮೊದಲ ಆಯ್ಕೆಯಾಗಿ ಅದೇ ಒಳ್ಳೆಯದು. ಹೇಳಿದಷ್ಟು ದಿನ ಪೂರ್ತಿ ಕೊಡಬೇಕು. ಅಣ್ಣನಿಗೆ ತಂದದ್ದು ಉಳಿದಿದೆಯೆಂದು ತಂಗಿಗೆ ಕುಡಿಸುವ ಉಳಿತಾಯ ಬೇಡ. ಅಳತೆ ತೂಕದ ಮೇಲಿರುತ್ತದೆ, ನೀರು ಬೆರೆಸಿದ ಔಷಧ ಬಹಳ ದಿನ ನಿಲ್ಲುವುದೂ ಇಲ್ಲ. ವೈದ್ಯರ ಚೀಟಿಯಿಲ್ಲದೆ ಇವನ್ನು ಮಾರುವುದು ಕಾನೂನಿಗೆ ವಿರುದ್ಧ. ಸೆಫಿಕ್ಸಿಮ್‌ನಂಥವನ್ನು ಮಾರಿದಾಗ ರೋಗಿಯ ಹೆಸರನ್ನೂ ಪುಸ್ತಕದಲ್ಲಿ ಬರೆದಿಡಬೇಕೆಂಬ ನಿಯಮ 2014ರಿಂದ ಜಾರಿಯಲ್ಲಿದೆ. ಅಂಗಡಿಯವರು ಮುಖಪರಿಚಯಕ್ಕೇ ಕೊಟ್ಟುಬಿಡುತ್ತಾರೆಂಬುದು ನಮಗೂ ಗೊತ್ತು. ಅದರ ಫಲ ಭೇದಿ, ಮೈಮೇಲೆ ದದ್ದು. ಮುಂದೆ ನಿಜವಾಗಿ ಬೇಕಾದಾಗ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ.

ಹೊರನಾಡಿನ ನಮಗೆ ವಿಶೇಷವಾಗಿ ಸಂಬಂಧಿಸಿದ ಮಾತೊಂದುಂಟು. ನೋವು ಹೋದ ಮೇಲೂ ತಮಟೆಯ ಹಿಂದಿನ ನೀರು ಕೆಲವು ವಾರ ಉಳಿಯಬಹುದು. ಅದಕ್ಕೆ ಆಂಟಿಬಯೋಟಿಕ್ಕಿನಿಂದ ಪ್ರಯೋಜನವಿಲ್ಲ. ಆದರೆ ಅಷ್ಟು ದಿನ ಕಿವಿ ಮಂದವಾಗಿ, ಮಗು ಕರೆದರೆ ತಿರುಗದು. ಬಹುಕಾಲ ಹಾಗೆಯೇ ಉಳಿದರೆ ಮಾತೂ ಹಿಂದೆ ಬೀಳಬಹುದು. "ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು; ಮಗು ಗಲಿಬಿಲಿಗೊಂಡಿದೆ, ಕನ್ನಡ ಬಿಟ್ಟುಬಿಡಿ" ಎಂದು ಉಪದೇಶಿಸುವವರು ಆಗ ಬಂದೇ ಬರುತ್ತಾರೆ. ಕನ್ನಡ ಬಿಡುವ ಮೊದಲು ಕಿವಿ ತೋರಿಸಿ. ನೀರು ಮೂರು ತಿಂಗಳಾದರೂ ಆರದಿದ್ದರೆ ಶ್ರವಣ ಪರೀಕ್ಷೆ ಆಗಲೇಬೇಕು. ಮುಂಬಯಿಯವರಿಗೆ ಬಾಂದ್ರಾದ ಅಲಿ ಯಾವರ್ ಜಂಗ್ ಸಂಸ್ಥೆಯಿದೆ. ರಜೆಗೆ ಮೈಸೂರಿನ ಕಡೆ ಹೋಗುವವರಿಗೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಅಲ್ಲಿ ಮಗುವನ್ನು ಕನ್ನಡದಲ್ಲಿಯೇ ಮಾತನಾಡಿಸಿ ನೋಡುತ್ತಾರೆ.