ಶರಾವತಿಯ ಸೀಮೆಯಲ್ಲಿ ಗಾಡಿಯ ಪಯಣ

ಮಲೆನಾಡಿನ ಚೆಲುವನ್ನು ನಿಧಾನವಾಗಿ ಸವಿಯಬೇಕೆಂಬವರಿಗೆ ಕಮಾನು ಕಟ್ಟಿದ ಎತ್ತಿನ ಗಾಡಿಗಿಂತ ತಕ್ಕ ವಾಹನವಿಲ್ಲ. ಸಾಗರದಿಂದ ತಾಳಗುಪ್ಪದ ಮಾರ್ಗವಾಗಿ ಜೋಗದತ್ತ ಹೋಗುವವರಿಗೆ ಹಲವು ಗಾಡಿಗಳು ಕೂಡಿ ಹೊರಡುವುದೇ ಕ್ಷೇಮ. ಒಂದರ ಅಚ್ಚು ಮುರಿದರೆ ಉಳಿದವು ನೆರವಾಗುವುವು.

ಇದಕ್ಕೆ ಮಳೆಗಾಲವು ಸಲ್ಲದು. ಕೆಸರಿನಲ್ಲಿ ಗಾಲಿಗಳು ಹೂಳುವುವು. ಏರಿನಲ್ಲಿ ಭಾರವು ಹಿಂದಕ್ಕೆ ಸರಿದು ನೊಗವು ಮೇಲೇಳುವುದು. ಆಗ ಕುಳಿತವರು ಮುಂದಕ್ಕೆ ಸರಿಯಬೇಕು. ಇಳಿಜಾರಿನಲ್ಲಿ ಭಾರವೆಲ್ಲ ಎತ್ತುಗಳ ಹೆಗಲಿಗೆ ಬೀಳುವುದರಿಂದ ಹಿಂದಕ್ಕೆ ಸರಿಯಬೇಕು. ದಾರಿಯು ಕಡಿದಾದಲ್ಲಿ ಇಳಿದು ನಡೆಯುವುದೇ ಧರ್ಮ. ಮೂಕಪ್ರಾಣಿಗಳನ್ನು ನೋಯಿಸಿ ಪಡೆದ ವಿನೋದವು ವಿನೋದವೆನಿಸದು.

ಆದರೆ ಕಾರ್ಗಲ್ಲಿನ ಸುತ್ತಿನ ಹಳೆಯ ದಾರಿಗಳಲ್ಲಿ ಎಷ್ಟೋ ಇಂದು ನೀರಿನಡಿಯಲ್ಲಿವೆ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಯ ಜಲಾಶಯವು ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆಯನ್ನೇ ನುಂಗಿತು. ಅದರೊಡನೆ ಅಡಕೆಯ ತೋಟಗಳೂ ಗದ್ದೆಗಳೂ ಊರುಗಳೂ ಮುಳುಗಿದುವು. ಬಿರುಬೇಸಗೆಯಲ್ಲಿ ನೀರು ತಗ್ಗಿದಾಗ ಮಾತ್ರ ಹಳೆಯ ಕಟ್ಟೆಯು ತಲೆಯೆತ್ತುವುದು. ಹಿನ್ನೀರಿನಾಚೆಯ ಊರಿನವರು ದಶಕಗಳ ಕಾಲ ಲಾಂಚನ್ನೇ ನಂಬಿದ್ದರು. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆಯು 2025ರ ಜುಲೈಯಲ್ಲಷ್ಟೆ ತೆರೆಯಿತು.

ನಾಡಿನ ಮನೆಗಳಲ್ಲಿ ದೀಪವುರಿಯಲೆಂದು ಈ ಸೀಮೆಯವರು ಮನೆಮಾರುಗಳನ್ನು ತೆತ್ತಿರುವರು. ಮಕ್ಕಳನ್ನು ಜೋಗಕ್ಕೆ ಕರೆದೊಯ್ಯುವ ಗೃಹಸ್ಥರು ಜಲಪಾತದ ಸೊಬಗಿನೊಡನೆ ಈ ಮಾತನ್ನೂ ಅವರಿಗೆ ತಿಳಿಸಬೇಕು. ಹಿನ್ನೀರಿನ ಅಂಚಿನಲ್ಲಿ ನಿಂತು, ಇಲ್ಲಿಯೂ ಒಂದು ಕಾಲಕ್ಕೆ ಎತ್ತುಗಳ ಗಂಟೆ ಕೇಳುತ್ತಿತ್ತೆಂದರೆ ಅವರು ಮರೆಯಲಾರರು.