ಬೇಸ್ ಕೆಟ್ಟದ ಅಂತ ಇಎಂಐ ಮಾಡಬ್ಯಾಡ್ರಿ, ಮೊದಲು ಪ್ಲೇಟ್ ಬಿಚ್ಚಿ ನೋಡ್ರಿ

ಇವತ್ತಿನ ಸಂಚಿಕೆ ಪೂರ್ತಿ ಒಂದೇ ಪ್ರಶ್ನೆಗೆ. ಇಂಡಿ ತಾಲೂಕಿನಿಂದ ಒಬ್ಬ ತಮ್ಮ ವಾಯ್ಸ್ ನೋಟ್ ಕಳಿಸ್ಯಾನ. ರಸಮಂಜರಿ ತಂಡದಾಗ ಬೇಸ್ ಗಿಟಾರ್ ನುಡಿಸ್ತಾನಂತ. "ಅಣ್ಣಾ, ನನ್ನ ಬೇಸ್ ಮುಗೀತು ಅನಸ್ತದ. ತಂತಿ ಗರ್ ಅಂತಾವ, ವಾಲ್ಯೂಮ್ ತಿರುವಿದ್ರ ಕರಕರ ಅಂತದ, ಒಮ್ಮೊಮ್ಮೆ ಸೌಂಡೇ ಬರಂಗಿಲ್ಲ. ಇಎಂಐ ಮ್ಯಾಲ ಹೊಸಾದು ತಗೊಳ್ಲೋ, ಇದನ್ನೇ ರಿಪೇರಿ ಮಾಡಿಸ್ಲೋ?" ಅಂತ ಕೇಳಿ, ಕೊನೆಗೆ ಸಣ್ಣ ದನಿಯಾಗ ಇನ್ನೊಂದು ಮಾತು ಸೇರಿಸ್ಯಾನ: "ಬರೋ ಪ್ರೋಗ್ರಾಮಿಗೆ ಬೇಸ್ ಸರಿ ಇರಲಿಲ್ಲಂದ್ರ ಕೀಬೋರ್ಡಿನವ್ರೇ ಎಡಗೈಲೆ ನುಡಸ್ಲಿ ಅಂತ ತಂಡದ ಮಾಲಕರು ಹೇಳ್ಯಾರ."

ಪ್ರಶ್ನೆಯ ತೂಕ ಇರೋದು ಆ ಕೊನೆಯ ಮಾತಿನಾಗ. ನಮ್ಮ ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಜಾತ್ರೆ-ಮದುವೆ ಆರ್ಕೆಸ್ಟ್ರಾಗಳಲ್ಲಿ ಖರ್ಚು ಕಡಿಮೆ ಮಾಡಬೇಕು ಅಂದ ಕೂಡಲೇ ಮೊದಲು ಕಣ್ಣು ಬೀಳೋದು ಬೇಸ್ ನುಡಿಸುವವನ ಮೇಲೆ. ಹಾಡುವವರು ಇಲ್ಲದಿದ್ದರೆ ಜನಕ್ಕೆ ಗೊತ್ತಾಗ್ತದ. ಪ್ಯಾಡ್ ನಿಂತರೂ ಗೊತ್ತಾಗ್ತದ. ಬೇಸ್ ನಿಂತರೆ "ಏನೋ ಸಪ್ಪಗಾತಲ್ಲ" ಅಂತ ಅನಿಸಬಹುದು, ಅಷ್ಟೇ.

ನಾ ಬಿ.ಕಾಂ ಓದಿದವ, ಮೊದಲು ಲೆಕ್ಕಕ್ಕೆ ಬರ್ತೀನಿ. ಉದಾಹರಣೆಗೆ 18,000 ರೂಪಾಯಿಯ ಬೇಸ್ ಅಂತ ಹಿಡೀರಿ. 12 ತಿಂಗಳ ಕಂತು ಅಂದರೆ ತಿಂಗಳಿಗೆ 1,500, ಮೇಲೆ ಬಡ್ಡಿ. ಪ್ರೋಗ್ರಾಮ್ ಇರಲಿ ಬಿಡಲಿ, ಕಂತು ಮಾತ್ರ ತಪ್ಪಂಗಿಲ್ಲ. ಇನ್ನೊಂದು ಕಡೆ, ಈ ತಮ್ಮ ಹೇಳಿದ ಮೂರು ತೊಂದರೆಗಳೂ ಬೇಸ್ ಸತ್ತ ಲಕ್ಷಣಗಳಲ್ಲ. ಗರ್ ಅನ್ನೋದು ನೆಕ್ಕಿನ ವಿಷಯ, ಕರಕರ ಅನ್ನೋದು ಧೂಳಿನ ವಿಷಯ, ಸೌಂಡ್ ಬಂದು ಹೋಗೋದು ಬಹುತೇಕ ಜ್ಯಾಕಿನ ವಿಷಯ. ಮತ್ತ ಹೊಸ ಬೇಸ್ ತಂದರೂ ಆರು ತಿಂಗಳಿಗೆ ಇವೇ ಮೂರೂ ಹಾಜರ್ ಆಗ್ತಾವ.

ಬೇಸ್ ಗೊತ್ತಿಲ್ಲದವರಿಗೆ ಎರಡು ಮಾತು. 1951ರಲ್ಲಿ ಅಮೆರಿಕದ ಲಿಯೊ ಫೆಂಡರ್ 'ಪ್ರಿಸಿಶನ್ ಬೇಸ್' ಮಾರುಕಟ್ಟೆಗೆ ತಂದ. ಅದಕ್ಕೂ ಮೊದಲು ಆಳೆತ್ತರದ ಡಬಲ್ ಬೇಸನ್ನು ನಿಲ್ಲಿಸಿಕೊಂಡು ನುಡಿಸಬೇಕಿತ್ತು, ಅದರಲ್ಲಿ ಫ್ರೆಟ್ ಇರಲಿಲ್ಲ. ಈತ ಫ್ರೆಟ್ ಕೂಡಿಸಿದ, ಸ್ವರ ಕರಾರುವಾಕ್ಕಾಗಿ ಸಿಗುತ್ತದೆ ಅಂತ ಆ ಹೆಸರು ಇಟ್ಟ. ಅವತ್ತು ಇಟ್ಟ 34 ಇಂಚಿನ ತಂತಿಯ ಉದ್ದ ಇವತ್ತಿಗೂ ಹೆಚ್ಚಿನ ಬೇಸ್‌ಗಳ ಅಳತೆ. ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಅಲುಗುತ್ತದೆ. ನಿಮ್ಮ ಫೋನಿನ ಸಣ್ಣ ಸ್ಪೀಕರಿಗೆ ಆ ದನಿ ಹೊರಡಿಸೋ ತಾಕತ್ತೇ ಇಲ್ಲ. ಮೇಲಿನ ದನಿಗಳನ್ನು ಕೇಳಿ ಕಿವಿಯೇ ಕೆಳಗಿನದನ್ನು ಊಹಿಸಿಕೊಳ್ತದ. ನಂಬಿಕೆ ಬರಲಿಲ್ಲ ಅಂದ್ರ ಶಂಕರ್ ನಾಗ್ ಅವರ 'ಗೀತಾ' ಸಿನಿಮಾದ ಹಾಡುಗಳನ್ನು, 1981ರದು, ಇಳಯರಾಜ ಅವರ ಸಂಗೀತ, ಮೊದಲು ಫೋನಿನಲ್ಲಿ, ಆಮೇಲೆ ಇಯರ್‌ಫೋನ್ ಹಾಕಿ ಕೇಳ್ರಿ. ಹಾಡಿನ ಕೆಳಗೆ ಇನ್ನೊಂದು ಹಾಡು ನಡೆದಿರ್ತದ.

ಈಗ ರಿಪೇರಿ. ತಂತಿಯಿಂದ ಶುರು ಮಾಡೋಣ, ಅದು ಸರಳ. ಬೇಸ್ ತಂತಿಯ ಸೆಟ್ ನಮ್ಮ ಊರಾಗ ಸಿಗೋದು ಕಷ್ಟ. ಸೊಲ್ಲಾಪುರಕ್ಕೋ ವಿಜಯಪುರಕ್ಕೋ ಹೋಗಬೇಕು, ಇಲ್ಲಾ ಆನ್‌ಲೈನ್. ತಂತಿ ಸಪ್ಪಗಾಗೋದು ಸುತ್ತಿನ ಸಂದಿಯಲ್ಲಿ ಬೆವರು, ಜಿಡ್ಡು ಕೂತಾಗ. ಬಿಚ್ಚಿ, ನೀರಲ್ಲಿ ಹತ್ತು ನಿಮಿಷ ಕುದಿಸಿ, ಬಟ್ಟೆಯಿಂದ ಒರೆಸಿ, ಬಿಸಿಲಿಗೆ ಪೂರ್ತಿ ಒಣಗಿಸಿ ಮತ್ತೆ ಹಾಕ್ರಿ. ಕೆಲವು ದಿನ ಹೊಸದರಂಗ ನುಡೀತಾವ. ಹಳೆಯ ತಂತಿಯೇ ಚಂದ ಅನ್ನುವವರೂ ಇದ್ದಾರೆ. ಮೋಟೌನ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ತಂತಿ ಹರಿಯುವವರೆಗೂ ಬದಲಿಸ್ತಿರಲಿಲ್ಲ ಅಂತ ಪ್ರಸಿದ್ಧಿ. ಆದರೆ ಅವರು ಹಾಕ್ತಿದ್ದದ್ದು ನುಣುಪಾದ ಫ್ಲಾಟ್‌ವೂಂಡ್ ತಂತಿ. ನಮ್ಮ ಹುಡುಗರು ಹಾಕೋದು ಉರುಟು ಸುತ್ತಿನ ರೌಂಡ್‌ವೂಂಡ್. ಅವಕ್ಕ ಆ ನ್ಯಾಯ ನಡೆಯಂಗಿಲ್ಲ.

ನೆಕ್ಕಿನ ವಿಷಯ ಮಾತ್ರ ಸಮಾಧಾನದಿಂದ ಕೇಳ್ರಿ. ನಾಲ್ಕು ತಂತಿ ಸೇರಿ ನೆಕ್ಕನ್ನು ಎಳೆಯೋದು ಸುಮಾರು 70-80 ಕಿಲೋ ಬಲದಿಂದ. ಒಂದೂವರೆ ಸಿಮೆಂಟ್ ಚೀಲ ಸದಾ ಜೋತುಬಿದ್ದಂಗ. ಅದನ್ನು ತಡೆಯಲು ನೆಕ್ಕಿನ ಒಳಗೆ ಟ್ರಸ್ ರಾಡ್ ಅನ್ನೋ ಉಕ್ಕಿನ ಸರಳು ಇರುತ್ತದೆ. ಕಟ್ಟಿಗೆ ಹವೆಯ ತೇವ ಕುಡೀತದ, ಬಿಡ್ತದ. ಒಣಗಿದಾಗ ನೆಕ್ಕು ಸಾಮಾನ್ಯವಾಗಿ ಹಿಂದಕ್ಕೆ ಬಾಗುತ್ತದೆ, ತೇವ ಹೆಚ್ಚಾದಾಗ ತಂತಿಯ ಎಳೆತಕ್ಕೆ ಮುಂದಕ್ಕೆ ಬರುತ್ತದೆ. ಜನವರಿಯಲ್ಲಿ ವಿಜಯಪುರದ ಸಿದ್ಧೇಶ್ವರ ಜಾತ್ರೆ ಹೊತ್ತಿಗೆ ಸರಿಮಾಡಿದ ಬೇಸ್ ಏಪ್ರಿಲ್-ಮೇ ಬಿಸಿಲಿಗೆ ಗರ್ ಅನ್ನಬಹುದು. ಅದೇ ಬೇಸ್ ಶ್ರಾವಣದಲ್ಲಿ ಬಾಗೇವಾಡಿ ಜಾತ್ರೆ ಹೊತ್ತಿಗೆ ತಂತಿ ಎತ್ತರವಾಗಿ ಬೆರಳು ನೋಯಿಸಬಹುದು. ಬೇಸ್ ಕೆಟ್ಟಿಲ್ಲ, ಹವೆ ಬದಲಾಗೇದ.

ನೋಡೋದು ಹೆಂಗ? ಸ್ವರ ಕೂಡಿಸಿ, ದಪ್ಪ ತಂತಿಯನ್ನು ಮೊದಲನೇ ಫ್ರೆಟ್ಟಿನಲ್ಲಿ ಒಂದು ಕೈಯಿಂದ, ಕೊನೆಯ ಫ್ರೆಟ್ಟಿನಲ್ಲಿ ಇನ್ನೊಂದು ಕೈಯಿಂದ ಒತ್ತಿ ಹಿಡೀರಿ. ಈಗ ತಂತಿಯೇ ನೆಟ್ಟಗಿನ ಪಟ್ಟಿ. ಏಳು-ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್ಟಿಗೂ ನಡುವೆ 0.3 ಮಿಲಿಮೀಟರ್ ಸಂದು ಇರಬೇಕು, ದಪ್ಪನೆಯ ವಿಸಿಟಿಂಗ್ ಕಾರ್ಡ್ ತೂರುವಷ್ಟು. ಸಂದೇ ಇಲ್ಲ ಅಂದ್ರ ನೆಕ್ಕು ಹಿಂದಕ್ಕೆ ಬಾಗೇದ, ಟ್ರಸ್ ರಾಡ್ ಸಡಿಲ ಮಾಡ್ರಿ. ಸಂದು ಬಹಳ ಅದ ಅಂದ್ರ ಬಿಗಿ ಮಾಡ್ರಿ. ಒಮ್ಮೆಗೆ ಕಾಲು ಸುತ್ತು ಮಾತ್ರ, ಆಮೇಲೆ ಒಂದು ದಿನ ಬಿಡ್ರಿ. ಸರಿಯಾದ ಅಳತೆಯ ಅಲೆನ್ ಕೀ ಬೇಕು. ಸಡಿಲವಾದ ಕೀ ಹಾಕಿ ಒಳಗಿನ ಮೂಲೆ ಸವೆಸಿದರೆ ಆಮೇಲೆ ನಿಜಕ್ಕೂ ಖರ್ಚಿನ ಕೆಲಸ. ತಿರುಗಲ್ಲ ಅಂತಂದ್ರ ಜೋರು ಹಾಕಬ್ಯಾಡ್ರಿ, ಬಲ್ಲವರ ಕಡೆ ಒಯ್ಯಿರಿ.

ನೆಕ್ಕು ಸರಿಯಾದ ಮೇಲೆ ಮಾತ್ರ ಬ್ರಿಡ್ಜಿನ ಸ್ಕ್ರೂ ಮುಟ್ಟೋದು. 12ನೇ ಫ್ರೆಟ್ ಮೇಲೆ ತಂತಿ ಎರಡು, ಎರಡೂವರೆ ಮಿಲಿಮೀಟರ್ ಎತ್ತರ ಇದ್ದರೆ ಆರಾಮ. ಆಮೇಲೆ ಫೋನಿನ ಟ್ಯೂನರ್ ಆ್ಯಪ್ ಹಚ್ಚಿ, 12ನೇ ಫ್ರೆಟ್ಟಿನಲ್ಲಿ ಹಾರ್ಮೋನಿಕ್ ನುಡಿಸ್ರಿ, ಅಂದರೆ ಒತ್ತದೆ ಸುಮ್ಮನೆ ಮುಟ್ಟಿ ಮೀಟೋದು. ಅದೇ ಜಾಗದಲ್ಲಿ ಒತ್ತಿಯೂ ಮೀಟ್ರಿ. ಒತ್ತಿದ ಸ್ವರ ಏರಿದ್ರ ಸ್ಯಾಡಲ್ ಹಿಂದಕ್ಕೆ, ಇಳಿದಿದ್ರ ಮುಂದಕ್ಕೆ. ಸಣ್ಣ ಸ್ಪೀಕರ್‌ನಂಗ ಫೋನಿನ ಮೈಕಿಗೂ ಕೆಳಗಿನ ದನಿ ಸರಿಯಾಗಿ ಸಿಗಂಗಿಲ್ಲ, ಅದಕ್ಕ ತಲೆಗೆ ಹಚ್ಚೋ ಕ್ಲಿಪ್ ಟ್ಯೂನರ್ ಇದ್ರ ಛಲೋ.

ಅಂದಹಾಗೆ, ಕರಿ ಮರದ ಫ್ರೆಟ್‌ಬೋರ್ಡಿಗೆ 'ಲೆಮನ್ ಆಯಿಲ್' ಹಚ್ಚಬೇಕು ಅಂತ ವಿಡಿಯೊಗಳಲ್ಲಿ ಹೇಳ್ತಾರ. ಅದು ನಿಂಬೆ ವಾಸನೆಯ ಖನಿಜ ಎಣ್ಣೆ. ಜಿಐ ಟ್ಯಾಗ್ ಬಂದದ ಅಂತ ಇಂಡಿ ನಿಂಬಿಹಣ್ಣು ಹಿಂಡಬ್ಯಾಡ್ರಿ ಮತ್ತ.

ಈಗ ಕರಕರ. ಹಿಂದಿನ ಪ್ಲೇಟೋ ಮುಂದಿನ ಕಂಟ್ರೋಲ್ ಪ್ಲೇಟೋ, ನಾಲ್ಕೈದು ಸ್ಕ್ರೂ ಬಿಚ್ಚಿದರೆ ಒಳಗೆ ಕಾಣೋದು ಹಳೆ ರೇಡಿಯೊಕ್ಕಿಂತ ಸರಳ: ಎರಡು-ಮೂರು ಪಾಟ್, ಒಂದು ಕೆಪಾಸಿಟರ್, ಒಂದು ಜ್ಯಾಕ್, ಕೆಲವು ವಾಯರ್. ಪಾಟಿನ ಕಿಂಡಿಯೊಳಗೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ಇಪ್ಪತ್ತು ಸಲ ಆ ಕಡೆ ಈ ಕಡೆ ತಿರುವಿದರೆ ಅರ್ಧ ರೋಗ ಹೋಗ್ತದ. ಹೋಗಲಿಲ್ಲ ಅಂದ್ರ ಪಾಟ್ ಬದಲಿಸ್ರಿ. ಬ್ಯಾಟರಿ ಇಲ್ಲದ ಪ್ಯಾಸಿವ್ ಬೇಸಿಗೆ ಸಾಮಾನ್ಯವಾಗಿ 250 ಕಿಲೋಓಮ್ ಬೇಕು. ಅಂಗಡಿಯಾಗ 220 ಸಿಕ್ಕರೂ ನಡೀತದ. ಟೋನ್ ಕೆಪಾಸಿಟರ್ ಮೇಲೆ ಹೆಚ್ಚಾಗಿ 473 ಅಂತ ಬರೆದಿರ್ತದ, ಅಂದರೆ 0.047 ಮೈಕ್ರೋಫ್ಯಾರಡ್. ಕೆಲವೇ ರೂಪಾಯಿಯ ಸಾಮಾನು.

ಗಿಟಾರ್ ರಿಪೇರಿಯವ ನಮ್ಮೂರಾಗ ಇಲ್ಲಲ್ಲ ಅಂತೀರಿ. ಬೆಸುಗೆ ಹಾಕೋರು ಬೇಕಲ್ಲ, ಅವರು ಎಲ್ಲಾ ಕಡೆ ಅದಾರ. ಮುದ್ದೇಬಿಹಾಳದಾಗ ನಾ ನನ್ನ ಬೇಸಿನ ಜ್ಯಾಕ್ ಮಾಡಿಸಿದ್ದು ಟಿವಿ-ಆಂಪ್ಲಿಫೈಯರ್ ರಿಪೇರಿ ಮಾಡೋ ಹಿರಿಯರ ಹತ್ತಿರ. ಬೇಸ್ ಗಿಟಾರನ್ನು ಅವರು ಅವತ್ತೇ ಮೊದಲು ಕೈಯಾಗ ಹಿಡಿದಿದ್ದು, ಆದರೆ ಸೋಲ್ಡರ್ ಬಿಟ್ಟ ಜಾಗ ಅರ್ಧ ನಿಮಿಷದಾಗ ತೋರಿಸಿದರು. ಪಿಕಪ್ ಸತ್ತದ ಅಂತ ಅನುಮಾನ ಇದ್ದರೆ ಬೋರ್‌ವೆಲ್ ಮೋಟರ್ ವೈಂಡಿಂಗ್ ಅಂಗಡಿಯ ಮಲ್ಟಿಮೀಟರ್ ಸಾಕು. ಪಿಕಪ್ ಅಂದ್ರೂ ಅಯಸ್ಕಾಂತದ ಸುತ್ತ ಸುತ್ತಿದ ತಾಮ್ರದ ತಂತಿಯೇ. ಜ್ಯಾಝ್ ಬೇಸ್ ನಮೂನೆಯದು ಸುಮಾರು 7-8 ಕಿಲೋಓಮ್, ಪ್ರಿಸಿಶನ್ ನಮೂನೆಯದು 10-11 ತೋರಿಸಿದರೆ ಜೀವ ಅದ. ಏನೂ ತೋರಿಸಲಿಲ್ಲ ಅಂದ್ರ ಎಲ್ಲೋ ತಂತಿ ಹರಿದದ. ಅದನ್ನು ಮತ್ತೆ ಸುತ್ತಿಸೋ ಆಸೆ ಬ್ಯಾಡ; ಅದು ಕೂದಲಿನಷ್ಟು ಸಣ್ಣ ತಂತಿ, ಸಾವಿರಾರು ಸುತ್ತು. ಮೋಟರ್ ಅಂಗಡಿಯ ದಪ್ಪ ತಂತಿ ಅಲ್ಲಿ ಕೂಡಂಗಿಲ್ಲ. ಬೇರೆ ಪಿಕಪ್ ಕೊಳ್ಳೋದೇ ಸೋವಿ.

ಇಷ್ಟಾದ ಮೇಲೂ ಹೊಸದೇ ಬೇಕು ಅಂದ್ರ ನನ್ನ ಅಭಿಪ್ರಾಯ ಹೇಳ್ತೀನಿ: ನಾಲ್ಕು ತಂತಿ, ಪ್ಯಾಸಿವ್. ಆ್ಯಕ್ಟಿವ್ ಬೇಸಿನೊಳಗೆ 9 ವೋಲ್ಟ್ ಬ್ಯಾಟರಿ ಇರ್ತದ, ಕೇಬಲ್ ಚುಚ್ಚಿದ ಕ್ಷಣದಿಂದ ಖರ್ಚಾಗ್ತದ. ರಾತ್ರಿ ಒಂದು ಗಂಟೆಗೆ ಯಾವ ಹಳ್ಳಿಯಾಗ ಬ್ಯಾಟರಿ ಹುಡುಕ್ತೀರಿ? ಸೆಕೆಂಡ್ ಹ್ಯಾಂಡ್ ಇದ್ದರೆ ಬಣ್ಣ ನೋಡಬ್ಯಾಡ್ರಿ. ಬುಡದಿಂದ ಕಣ್ಣು ಹಾಯಿಸಿ ನೆಕ್ಕು ತಿರುಚಿಲ್ಲ ಅಂತ ನೋಡ್ರಿ. ತಿರುಚಿದ್ರ ಪುಕ್ಕಟೆ ಕೊಟ್ಟರೂ ಬ್ಯಾಡ. ಟ್ರಸ್ ರಾಡ್ ತಿರುಗ್ತದೋ ಇಲ್ಲೋ ಮಾರುವವರ ಎದುರಿಗೇ ನೋಡ್ರಿ. ಕೈ ಸಣ್ಣದಿದ್ದವರಿಗೆ 30 ಇಂಚಿನ ಶಾರ್ಟ್ ಸ್ಕೇಲ್ ಒಳ್ಳೆಯದು, ನಾಚಿಕೆ ಏನಿಲ್ಲ.

ಮಾಡಿಫಿಕೇಶನ್ ಬಗ್ಗೆ ಬಹಳ ಕೇಳ್ತೀರಿ. ದುಡ್ಡಿಗೆ ತಕ್ಕ ಫಲ ಕೊಡೋದು ಒಂದೇ, ಒಳಗಿನ ಗೂಡಿಗೆ ತಾಮ್ರದ ಟೇಪ್ ಅಂಟಿಸಿ ಗ್ರೌಂಡಿಗೆ ಸೇರಿಸೋದು. ಲೈಟಿಂಗ್ ಡಿಮ್ಮರಿನ ಝುಂಯ್ ಕಡಿಮೆ ಆಗ್ತದ. ಎರಡು ಪಿಕಪ್‌ನ ಜ್ಯಾಝ್ ಬೇಸ್ ಇದ್ದವರು ಅದಕ್ಕೂ ಮೊದಲು ಎರಡೂ ವಾಲ್ಯೂಮ್ ಪೂರ್ತಿ ತೆರೆದು ಕೇಳ್ರಿ. ಹೆಚ್ಚಿನವುಗಳಲ್ಲಿ ಒಂದರ ಗುಂಯ್‌ಗುಡುವಿಕೆಯನ್ನು ಇನ್ನೊಂದು ಹೊಡೆದುಹಾಕ್ತದ.

ಗುಂಯ್ ಅನ್ನೋ ಸದ್ದಿನ ಮಾತು ಬಂತು, ಇಲ್ಲಿ ಜೀವದ ಪ್ರಶ್ನೆ ಅದ. ತಂತಿ ಮುಟ್ಟಿದಾಗ ಸದ್ದು ಕಡಿಮೆ ಆಗೋದು ಸಹಜ. ಬ್ರಿಡ್ಜಿಗೆ ಗ್ರೌಂಡ್ ವಾಯರ್ ಇರ್ತದ. ಆದರೆ ಆ ದಾರಿ ಮುಂದೆ ಎಲ್ಲಿಗೆ ಹೋಗ್ತದ ನೋಡ್ರಿ: ತಂತಿ, ಬ್ರಿಡ್ಜ್, ಜ್ಯಾಕ್, ಕೇಬಲ್, ಆಂಪ್ಲಿಫೈಯರಿನ ತಗಡು, ಅಲ್ಲಿಂದ ಪ್ಲಗ್ಗಿನ ದಪ್ಪ ಮೂರನೇ ಪಿನ್ನಿಗೆ. ನಮ್ಮ ಪೆಂಡಾಲಿನಾಗ ಆ ಮೂರನೇ ಪಿನ್ನಿನ ಗತಿ ಏನಿರ್ತದ ಅಂತ ನಿಮಗೂ ಗೊತ್ತು. ವಾಯರ್ ತುದಿ ಸುಲಿದು ಬೆಂಕಿಕಡ್ಡಿ ಸಿಗಿಸಿರ್ತಾರ. ಆಂಪ್ಲಿಫೈಯರ್ ಒಳಗೆ ಫೇಸ್ ಎಲ್ಲಾದರೂ ತಗಡಿಗೆ ತಾಗಿದರೆ 230 ವೋಲ್ಟ್ ನಿಮ್ಮ ತಂತಿಗೇ ಬರ್ತದ. ಕೈ ತಂತಿ ಮ್ಯಾಲ, ತುಟಿ ಮೈಕಿನ ಮ್ಯಾಲ ಇದ್ದಾಗ ಕರೆಂಟಿಗೆ ದಾರಿ ನಿಮ್ಮ ಎದೆಯೊಳಗಿಂದ. 1972ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸ್ವಾನ್‌ಸಿಯಲ್ಲಿ 'ಸ್ಟೋನ್ ದ ಕ್ರೋಸ್' ಬ್ಯಾಂಡಿನ ಗಿಟಾರಿಸ್ಟ್ ಲೆಸ್ಲಿ ಹಾರ್ವೆ ವೇದಿಕೆ ಮೇಲೆ ಮೈಕ್ ಮುಟ್ಟಿದಾಗ ಕರೆಂಟ್ ಹೊಡೆದು ತೀರಿಕೊಂಡರು.

ಗುಂಯ್ ಹೋಗ್ಲಿ ಅಂತ ಪ್ಲಗ್ಗಿನ ಅರ್ಥಿಂಗ್ ಪಿನ್ ಕೀಳೋ ಚಾಳಿ ನಮ್ಮಲ್ಲಿ ಬಹಳ ಅದ. ಯಾರು ಹೇಳಿದ್ರೂ ಕೀಳಬ್ಯಾಡ್ರಿ. ಆ ಕೆಲಸಕ್ಕ ಡಿಐ ಬಾಕ್ಸ್ ಅಂತ ಬರ್ತದ, ಬೇಸಿಗೂ ಮಿಕ್ಸರಿಗೂ ನಡುವೆ ಹಾಕೋದು. ಅದರ ಮೇಲಿನ ಗ್ರೌಂಡ್ ಲಿಫ್ಟ್ ಸ್ವಿಚ್ ಆಡಿಯೊ ಕೇಬಲ್ಲಿನ ಗ್ರೌಂಡ್ ಮಾತ್ರ ಬಿಡಿಸ್ತದ, ಕರೆಂಟಿನ ಅರ್ಥಿಂಗ್ ಹಾಗೇ ಉಳೀತದ. ಪ್ಯಾಸಿವ್ ಬೇಸನ್ನು ನೇರ ಮಿಕ್ಸರಿನ ಲೈನ್ ಇನ್‌ಗೆ ಚುಚ್ಚಿದಾಗ ಸೌಂಡ್ ಮಂಕಾಗೋದೂ ಇದರಿಂದ ಸರಿಹೋಗ್ತದ. ಹೊಸ ಬೇಸಿಗೆ ಕೂಡಿಟ್ಟ ದುಡ್ಡಿನಾಗ ಮೊದಲು ಇದನ್ನ ಕೊಳ್ರಿ.

ಸೌಂಡ್ ಚೆಕ್ ಹೊತ್ತಿಗೆ ಮಲ್ಟಿಮೀಟರ್ ಎಸಿ ವೋಲ್ಟಿಗೆ ಇಟ್ಟು ಒಂದು ಕಡ್ಡಿ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ ಹಚ್ರಿ. ಕಡ್ಡಿಯ ಪ್ಲಾಸ್ಟಿಕ್ ಮಾತ್ರ ಹಿಡಕೊಂಡು, ಬೇಸ್ ಕೊರಳಿಗೆ ಹಾಕೊಳ್ಳದೆ. ಒಂದೆರಡು ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಜನರೇಟರಿನವರನ್ನ ಕರೀರಿ, ಅರ್ಥಿಂಗ್ ಆಗೋತನಕ ಬೇಸ್ ಸ್ಟ್ಯಾಂಡ್ ಮ್ಯಾಲೇ ಇರಲಿ. ಗಣ್ಯರ ಭಾಷಣ ಹೆಂಗೂ ಅರ್ಧ ತಾಸು ಲೇಟ್ ಆಗ್ತಾವ, ಟೈಮ್ ಸಿಗ್ತದ.